ಎಳ್ಳಿಲ್ಲದ ನೀರು

ಆ ಗುರುವಾರವೂ ತಿಪ್ಪೇಶ ಎಂದಿನಂತೆ ಬೆಳಿಗ್ಗೆ ಎಂಟಕ್ಕೆ ತನ್ನ ಗುಂಪನ್ನು ಬಸ್ಸಿನಿಂದ ಇಳಿಸಿದ. ದಾವಣಗೆರೆ, ಚಿತ್ರದುರ್ಗದ ಕಡೆಯ ಇಪ್ಪತ್ತೆರಡು ಜನ. ಊರು ಥಾಯ್ಲೆಂಡಿನದು, ಗುಡಿ ಬುದ್ಧನದು.

ಹದಿನೆಂಟು ವರ್ಷದಿಂದ ಅವನ ಕೆಲಸ ಇದೇ. ಕನ್ನಡದ ಪ್ರವಾಸಿಗರನ್ನು ಈ ದೇಶಕ್ಕೆ ಕರೆತರುವುದು, ತೋರಿಸುವುದು, ಸುಖವಾಗಿ ಊರು ಮುಟ್ಟಿಸುವುದು.

ಒಳಗೆ ಭಿಕ್ಷುಗಳು ಪಾಲಿಯಲ್ಲಿ ಹರಸುತ್ತಿದ್ದರು. ಅವರಿಗೆ ಊಟ ತಂದಿದ್ದ ಊರವರು ಪುಟ್ಟ ಹಿತ್ತಾಳೆ ಗಿಂಡಿಗಳಿಂದ ಬಟ್ಟಲಿಗೆ ಸಣ್ಣಗೆ ನೀರು ಸುರಿಯುತ್ತಿದ್ದರು. ಅದೇನು ಎಂದು ಗುಂಪಿನಲ್ಲಿ ಯಾರೋ ಕೇಳಿದರು.

“ದಾನ ಮಾಡಿದ ಪುಣ್ಯ ತೀರಿಕೊಂಡವರಿಗೆ ಮುಟ್ಟಲಿ ಅಂತ,” ಎಂದ ತಿಪ್ಪೇಶ. “ನಮ್ಮಲ್ಲಿ ಎಳ್ಳುನೀರು ಬಿಡ್ತೀವಲ್ಲ, ಅದೇ. ಇವರಿಗೆ ಎಳ್ಳು ಉಳಿತಾಯ.”

ಎಲ್ಲರೂ ನಕ್ಕರು. ಈ ಮಾತಿಗೆ ಪ್ರತಿ ಗುಂಪೂ ನಗುತ್ತಿತ್ತು.

ನಗು ಮುಗಿಯುವ ಮೊದಲೇ ಫೋನು ಬಂತು. ಊರಿನಲ್ಲಿ ಅವನ ಹೆಂಡತಿ ಹಾಲಮ್ಮ ಒಗೆದ ಬಟ್ಟೆ ಹರವಿ, ಸುಸ್ತು ಎಂದು ಕಟ್ಟೆಯ ಮೇಲೆ ಕೂತವಳು ಮತ್ತೆ ಏಳಲಿಲ್ಲ.

ಹನ್ನೊಂದನೆಯ ದಿನ ಹಾಲಮ್ಮನ ತಮ್ಮ ಅವನ ಅಂಗೈಯಲ್ಲಿ ಎಳ್ಳು ಇಟ್ಟ. ಇನ್ನೊಂದು ಕೈಗೆ ತಂಬಿಗೆ ಕೊಟ್ಟ.

“ನೀರು ಬಿಡು ಭಾವ.”

ತಿಪ್ಪೇಶ ಎಳ್ಳನ್ನು ತಟ್ಟೆಗೆ ಉದುರಿಸಿ, ತಂಬಿಗೆಯನ್ನು ಕೆಳಗಿಟ್ಟು ಎದ್ದುಹೋದ. ವರ್ಷದ ತಿಥಿಗೂ ಕೂರಲಿಲ್ಲ. ನೆಂಟರು ಬಾಯಿಗೆ ಬಂದದ್ದು ಅಂದರು. ಹಾಲಮ್ಮನ ತಾಯಿ ಬೈಯಲಿಲ್ಲ. ಮಗಳು ಬಾಯಾರಿ ಕೂತಿದ್ದಾಳೆ ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಉಳಿದವರ ಮಾತನ್ನೆಲ್ಲ ಅವನು ಮರೆತ. ಈ ಮಾತು ಅವನನ್ನು ಬಿಡಲಿಲ್ಲ.

ವರ್ಷದ ತಿಥಿ ಕಳೆದು ತಿಂಗಳಾದ ಮೇಲೆ ತಿಪ್ಪೇಶ ಗುಂಪಿಲ್ಲದೆ ಮತ್ತೆ ಥಾಯ್ಲೆಂಡಿಗೆ ಹೋದ. ಉತ್ತರದ ಕಡೆ ನದಿಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿ ಪ್ರಸಿತ್ ಎಂಬ ಮುದಿ ಭಿಕ್ಷು ಇದ್ದರು, ಗುಂಪು ಕರೆತರುವಾಗಿನ ಹಳೆಯ ಪರಿಚಯ. ಪ್ರಾಯದಲ್ಲಿ ಆರು ವರ್ಷ ಮೈಸೂರಿನಲ್ಲಿ ಓದಿದವರು. ಕನ್ನಡವನ್ನು ಹಾಸ್ಟೆಲ್ಲಿನ ಅಡುಗೆಯವನಿಂದ ಕಲಿತಿದ್ದರು. ಅವರ ಮಾತಿನಲ್ಲಿ ಇನ್ನೂ ಒಗ್ಗರಣೆಯ ವಾಸನೆ ಇತ್ತು.

ತಿಪ್ಪೇಶ ಕೆಲವು ದಿನ ಇರಲು ಅಪ್ಪಣೆ ಕೇಳಿದ.

“ಹದಿನೆಂಟು ವರ್ಷ ಊರಿಗೆಲ್ಲ ತೋರಿಸಿದ್ದೀಯ. ಇನ್ನೇನಪ್ಪ ನೋಡೋದು?”

ಇಲ್ಲಿನ ಪ್ರತಿಯೊಂದರ ಹೆಸರೂ ತನಗೆ ಗೊತ್ತು ಎಂದ ತಿಪ್ಪೇಶ. ಹೊರಗಿನವರು ಯಾಕೆ ಇದಕ್ಕೆ ಮನಸೋಲುತ್ತಾರೆ ಎಂಬುದು ಮಾತ್ರ ಗೊತ್ತಿಲ್ಲ. ಕೈ ಮುಗಿಯುವುದು, ಚಪ್ಪಲಿ ಕಳಚುವುದು, ಹೊಸಿಲು ತುಳಿಯದೆ ದಾಟುವುದು, ತಾವರೆ ಮೊಗ್ಗಿನ ಎಸಳು ಮಡಿಸಿ ಇಡುವುದು. ಇದರಲ್ಲಿ ಅರ್ಧ ನಮ್ಮ ಮನೆಯಲ್ಲೂ ಉಂಟು. ಅಲ್ಲಿ ಮಾಡಲು ಬೇಸರಪಡುವ ಜನ ಇಲ್ಲಿಗೆ ಬಂದರೆ ಕಣ್ಣರಳಿಸಿ ನಿಲ್ಲುತ್ತಾರೆ.

“ಅವರಿಗೆ ಇಲ್ಲಿ ಏನು ಸಿಗುತ್ತೆ ಭಂತೇ?”

ಭಿಕ್ಷು ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಪೊರಕೆಯನ್ನು ತಂದು ಅವನ ಕೈಗೆ ಕೊಟ್ಟರು.

ತಿಪ್ಪೇಶ ಒಂಬತ್ತು ದಿನ ಅಂಗಳ ಗುಡಿಸಿದ.

ಬುನ್‌ಮಾ ಎಂಬ ಎಪ್ಪತ್ತು ದಾಟಿದ ಅಜ್ಜಿ ದಿನಾ ಬೆಳಿಗ್ಗೆ ಬುಟ್ಟಿಯಲ್ಲಿ ಬಿಸಿ ಅನ್ನ ತರುತ್ತಿದ್ದಳು. ಭಿಕ್ಷುಗಳಿಗೆ ಬಡಿಸಿ, ಅವರು ಹರಸುವಾಗ ಗಿಂಡಿಯಿಂದ ನೀರು ಸುರಿಯುತ್ತಿದ್ದಳು. ಆ ನೀರನ್ನು ಒಯ್ದು ಮರದ ಬುಡಕ್ಕೆ ಹಾಕಿ ಮನೆಗೆ ಹೋಗುತ್ತಿದ್ದಳು.

ಸುರಿಯುವ ಮೊದಲು ದಿನವೂ ಅವಳು ತಿಪ್ಪೇಶನನ್ನು ಕೈಸನ್ನೆ ಮಾಡಿ ಕರೆಯುತ್ತಿದ್ದಳು. ಅವನು ದೂರದಿಂದಲೇ ಕೈ ಮುಗಿದು, ಬೇಡವೆಂದು ತಲೆಯಾಡಿಸುತ್ತಿದ್ದ. ಒಂದು ದಿನ ಅಜ್ಜಿ ಏನೋ ಗೊಣಗಿ ತಾನೇ ನಕ್ಕಳು.

ಏನಂದಳು ಎಂದು ಅವನು ಕೇಳಿದ.

“ಬೇಲಿ ಮೇಲಿನ ಕೋಳಿ ಅಂದಳು,” ಎಂದರು ಭಿಕ್ಷು. “ಒಳಗೂ ಇಳಿಯಲ್ಲ, ಹೊರಗೂ ಹಾರಲ್ಲವಂತೆ.”

ಹತ್ತನೆಯ ದಿನ ದೋಣಿಯಲ್ಲಿ ಒಂದಷ್ಟು ವಿದೇಶದವರು ಬಂದರು. ಅವರಲ್ಲಿ ಒಬ್ಬ ಡೆನ್ಮಾರ್ಕಿನ ಬಡಗಿ. ಆಳು ಬಾಗಿಲಿನಷ್ಟು ಎತ್ತರ, ಬಿಸಿಲಿಗೆ ಮುಖ ಕೆಂಪಾಗಿತ್ತು. ಅಜ್ಜಿ ಗಿಂಡಿ ತೆಗೆದದ್ದನ್ನು ನೋಡಿ, ಅದೇನೆಂದು ತಿಪ್ಪೇಶನನ್ನು ಕೇಳಿದ. ತಿಪ್ಪೇಶ ಇಂಗ್ಲಿಷಿನಲ್ಲಿ ವಿವರಿಸಿದ. ಎಳ್ಳಿನ ಮಾತು ಆಡಲಿಲ್ಲ.

ಬಡಗಿ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅಂಗಿಗೆ ಕೈ ಒರೆಸಿಕೊಂಡು, ಕಷ್ಟಪಟ್ಟು ಮಂಡಿ ಮಡಚಿ ಅಜ್ಜಿಯ ಹಿಂದೆ ಕುಳಿತ. ಅವನ ಬಳಿ ಗಿಂಡಿ ಇರಲಿಲ್ಲ.

ಗಿಂಡಿ ಇಲ್ಲದವರು ಸುರಿಯುವವರನ್ನು ಮುಟ್ಟಿಕೊಂಡು ಕೂರುವುದು ಅಲ್ಲಿನ ಪದ್ಧತಿ. ಅಜ್ಜಿ ತಿರುಗಿ ನೋಡಲಿಲ್ಲ. ಹಿಂದಕ್ಕೆ ಕೈ ಚಾಚಿ, ಅವನ ದಪ್ಪ ಕೈಯನ್ನು ಹುಡುಕಿ ಎಳೆದು, ತನ್ನ ಮೊಣಕೈಗೆ ಹಚ್ಚಿಕೊಂಡಳು. ಬಡಗಿಯ ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವಳ ಭುಜದ ಮೇಲೆ ಇನ್ನೊಬ್ಬರು, ಅವರ ಹಿಂದೆ ಮತ್ತಿಬ್ಬರು. ಕೂತವರು ಆರು ಜನ, ನೀರಿನ ಎಳೆ ಒಂದೇ.

ಆ ದೊಡ್ಡ ಆಳಿನ ಭುಜಗಳು ಅಲುಗುತ್ತಿದ್ದವು. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ.

ದೋಣಿ ಹೋದ ಮೇಲೆ ತಿಪ್ಪೇಶ ಪೊರಕೆ ಹಿಡಿದುಕೊಂಡೇ ಭಿಕ್ಷುವಿನ ಬಳಿಗೆ ಬಂದ. ಆ ಜನಕ್ಕೆ ಪಾಲಿ ಬಾರದು, ಬುದ್ಧ ಯಾರೆಂದು ತಿಳಿಯದು, ನಾಳೆ ಬೇರೆ ಊರಿನಲ್ಲಿರುತ್ತಾರೆ ಎಂದ.

“ಅಂಥವರದು ಮುಟ್ಟುತ್ತದಾ ಭಂತೇ?”

“ಅಜ್ಜಿಯ ಮೊಣಕೈ ಮುಟ್ಟಿತಲ್ಲ.”

ತಿಪ್ಪೇಶ ಪೊರಕೆಯ ಕಡ್ಡಿಗಳನ್ನು ಸರಿಮಾಡತೊಡಗಿದ.

“ಕರೆದ ಮೊಣಕೈಗೆ ನೀನೇ ದಿನಾ ಬೇಡ ಅಂತೀಯ,” ಎಂದರು ಭಿಕ್ಷು. “ಯಾಕೆ?”

ಅವನು ಪೊರಕೆಯನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕುಳಿತ.

“ನಮ್ಮ ಭಾಷೆಯಲ್ಲಿ ಎಳ್ಳುನೀರು ಬಿಡೋದು ಅಂದರೆ ಬರೀ ತಿಥಿ ಅಲ್ಲ ಭಂತೇ.”

“ಗೊತ್ತು. ನಮ್ಮ ಅಡುಗೆಯವನು ನನ್ನ ಕನ್ನಡಕ್ಕೆ ಮೊದಲನೇ ವಾರವೇ ಎಳ್ಳುನೀರು ಬಿಟ್ಟಿದ್ದ.”

ತಿಪ್ಪೇಶನಿಗೆ ನಗು ಬಂತು. ನಗು ಹೋದ ಮೇಲೆ ಉಳಿದದ್ದನ್ನು ಹೇಳಿದ. ತಂಬಿಗೆ ಕೆಳಗಿಟ್ಟು ಎದ್ದುಹೋದದ್ದು, ಅತ್ತೆ ಆಡಿದ ಮಾತು, ಎಲ್ಲವನ್ನೂ.

“ನಮ್ಮ ಮನೆಯವರು ಹೋಗುವಾಗ ನಾನು ಹತ್ತಿರ ಇರಲಿಲ್ಲ. ಇಲ್ಲಿ ನಿಂತು ಜನರನ್ನು ನಗಿಸುತ್ತಿದ್ದೆ. ಈಗ ನೀರು ಬಿಟ್ಟರೆ ಕೈಬಿಟ್ಟ ಹಾಗೆ. ಬಿಡದಿದ್ದರೆ ಅವರು ಬಾಯಾರಿ ಕೂತಿದ್ದಾರೆ.”

ಭಿಕ್ಷು, ಊರಿನಲ್ಲಿ ಹೊಲ ಇದೆಯೇ ಎಂದು ಕೇಳಿದರು.

ಎರಡು ಎಕರೆ ಇದೆ, ಬಾವಿಯೂ ಇದೆ ಎಂದ ತಿಪ್ಪೇಶ.

“ಹೊಲಕ್ಕೆ ನೀರು?”

“ಸಂಜೆ ಹೊತ್ತು ಬಿಡ್ತೀವಿ.”

“ನೀರು ಬಿಟ್ಟ ಸಂಜೆ ಹೊಲವನ್ನೂ ಬಿಟ್ಟುಬಂದೆಯಾ?”

ತಿಪ್ಪೇಶ ಎದ್ದು, ಗುಡಿಸಿದ ಅಂಗಳವನ್ನೇ ಇನ್ನೊಮ್ಮೆ ಗುಡಿಸಿದ.

ಮಾರನೆಯ ಬೆಳಿಗ್ಗೆ ಅಜ್ಜಿ ಬರುವ ಮೊದಲೇ ಅವನು ಸ್ನಾನ ಮಾಡಿ ಬಂದು ಕುಳಿತಿದ್ದ. ಅವಳು ಅನ್ನ ಬಡಿಸಿ ಪಕ್ಕದಲ್ಲಿ ಕುಳಿತಾಗ, ಅವನು ಬೆರಳ ತುದಿಯಿಂದ ಅವಳ ಮೊಣಕೈ ಮುಟ್ಟಿದ.

ಅಜ್ಜಿ ಅವನ ಕೈ ಸರಿಸಿದಳು. ಗಿಂಡಿಯನ್ನು ಅದೇ ಕೈಗೆ ಕೊಟ್ಟಳು. ಆಮೇಲೆ ತಾನು ಅವನ ಮೊಣಕೈ ಹಿಡಿದುಕೊಂಡಳು.

ಪ್ರಸಿತ್ ಭಿಕ್ಷು ಗಾಥೆ ಶುರುಮಾಡಿದರು.

ತಿಪ್ಪೇಶ ಈ ನೀರಿನ ಬಗ್ಗೆ ನೂರಾರು ಸಲ ಹೇಳಿದ್ದ, ಒಮ್ಮೆಯೂ ಸುರಿದಿರಲಿಲ್ಲ. ಎಷ್ಟು ಸಣ್ಣಗೆ ಸುರಿಯಬೇಕೆಂದು ಕೈಗೆ ತಿಳಿಯಲಿಲ್ಲ. ಮೊದಲು ಭಳಕ್ಕನೆ ಬಿತ್ತು, ಆಮೇಲೆ ಎಳೆ ಕಡಿಯಿತು. ಅಜ್ಜಿ ಮೊಣಕೈಯನ್ನು ಒತ್ತಿ ಹಿಡಿದಳು. ಗಾಥೆ ಮುಗಿಯುವವರೆಗೂ ಮತ್ತೆ ಎಳೆ ಕಡಿಯಲಿಲ್ಲ.

ಇಬ್ಬರೂ ಬಟ್ಟಲನ್ನು ಮರದ ಬುಡಕ್ಕೆ ಒಯ್ದರು. ಬಿಸಿಲು ಏರುತ್ತಿತ್ತು, ಮಣ್ಣು ಬಿರುಕು ಬಿಟ್ಟಿತ್ತು. ತಿಪ್ಪೇಶ ಬಗ್ಗಿ ನಿಧಾನವಾಗಿ ನೀರು ಹಾಕಿದ. ಅಜ್ಜಿ ಏನೋ ಕೇಳಿದಳು.

“ಯಾರಿಗೆ ಅಂತ ಕೇಳ್ತಾಳೆ,” ಎಂದರು ಹಿಂದಿನಿಂದ ಬಂದ ಭಿಕ್ಷು.

“ನಮ್ಮ ಮನೆ—” ಎಂದವನು ನಿಲ್ಲಿಸಿದ. ಬದುಕಿದ್ದಾಗಲೂ ಅವನು ಹೆಸರು ಹಿಡಿದು ಕರೆದದ್ದು ಕಡಿಮೆ. ಹೋದ ಮೇಲೆ ಒಮ್ಮೆಯೂ ಆ ಹೆಸರು ಬಾಯಿಗೆ ಬಂದಿರಲಿಲ್ಲ.

“ಹಾಲಮ್ಮ,” ಎಂದ.

ಗಿಂಡಿಯನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಅಜ್ಜಿಗೆ ಒಪ್ಪಿಸಿದ. ಆಮೇಲೆ ಭಿಕ್ಷುವಿನ ಕಡೆ ತಿರುಗಿದ.

“ಹದಿನೆಂಟು ವರ್ಷ ಈ ಜನರ ಬಾಗಿಲಲ್ಲಿ ನಿಂತು ತಮಾಷೆ ಮಾಡಿದೆ. ಒಂದು ದಿನವೂ ಇವರು ಬಾಗಿಲು ಹಾಕಲಿಲ್ಲ. ಈ ತಾಯಿಯ ಋಣ ನಾನು ಹೇಗೆ ತೀರಿಸಲಿ? ಏನು ಕೊಡಲಿ, ಕೇಳಿ ಭಂತೇ.”

ಭಿಕ್ಷು ಕೇಳಿದರು. ಅಜ್ಜಿ ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡು, ತಿಪ್ಪೇಶನ ಇನ್ನೊಂದು ಪಕ್ಕಕ್ಕೆ ಬಂದು ನಿಂತು, ಎರಡು ಮಾತು ಹೇಳಿದಳು.

“ಹೆಸರು ಇನ್ನೊಂದು ಸಲ ಹೇಳಬೇಕಂತೆ,” ಎಂದರು ಭಿಕ್ಷು. “ಅವಳಿಗೆ ಎಡಗಿವಿ ಕೇಳಿಸೋದಿಲ್ಲ.”