ಮೂರು ಓಲೆ, ಒಂದು ಎಳೆ

ಹೊಳೆಗೆ ಹೆಸರಿತ್ತು. ಈ ಕಥೆ ಬಾಯಿಂದ ಬಾಯಿಗೆ ದಾಟುವಾಗ ಅದು ಎಲ್ಲೋ ನೀರಿಗೆ ಬಿತ್ತು. ಮಠದ ಹೆಸರೂ ಅದರ ಹಿಂದೆಯೇ ಹೋಯಿತು. ಉಳಿದವರು ಇಬ್ಬರು: ಗುರು ಗವಿಯಪ್ಪ, ಶಿಷ್ಯ ಮುದ್ದಯ್ಯ.

ಗುರುಗಳ ಹತ್ತಿರ ಸಾವಿರ ಕಥೆಗಳಿದ್ದವಂತೆ. ಸಾವಿರ ಇರಲಾರದು, ಮುನ್ನೂರು ಅನ್ನೋಣ. ಒಂದೊಂದು ತಾಳೆಯೋಲೆಗೆ ಒಂದೊಂದು ಕಥೆ, ಓಲೆಯ ನಡುವೆ ಒಂದು ತೂತು. ಒಂದೇ ತಿರುಳಿನ ಕಥೆಗಳನ್ನು ಹುಡುಕಿ ಒಂದೇ ದಾರಕ್ಕೆ ಪೋಣಿಸುವುದು ಆ ಮಠದ ವಿದ್ಯೆ. ದಾರಕ್ಕೂ ತಿರುಳಿಗೂ ಅಲ್ಲಿ ಒಂದೇ ಮಾತು: ಎಳೆ.

ಮುದ್ದಯ್ಯ ಬಂದ ಮೊದಲ ದಿನ ಗುರುಗಳು ಒಂದು ಓಲೆಕಟ್ಟನ್ನು ಅವನ ಮುಂದೆ ಹಿಡಿದು, ದಾರದ ಮೇಲೆ ಬೆರಳಿಟ್ಟು ತೋರಿಸಿದರು. "ಎಳೆ" ಎಂದರು.

ಮುದ್ದಯ್ಯ ಎಳೆದ.

ನಲವತ್ತು ಕಥೆಗಳು ಅಂಗಳದ ತುಂಬ ಹಾರಿದವು. ಎರಡನ್ನು ಹಸು ತಿಂದಿತು. ಆಮೇಲೆ ಆ ಹಸು ಬಹಳ ಯೋಚನೆ ಮಾಡುತ್ತಿತ್ತು. ಬೇರೆಯದನ್ನು ನಂಬದಿದ್ದರೂ ಇದನ್ನು ನಂಬಬೇಕು.

ಅಂದಿನಿಂದ 'ಎಳೆ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮುದ್ದಯ್ಯನ ಎರಡೂ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಅಡಗುತ್ತಿದ್ದವು. ಇನ್ನೊಮ್ಮೆ ತಪ್ಪಬಾರದು ಎಂದುಕೊಂಡೇ ಏಳು ವರ್ಷ ಕಳೆದ.

ಆಚೆ ದಡದಲ್ಲಿ ಅವನ ಅಕ್ಕ ಸಾತಕ್ಕ ಇದ್ದಳು. ಅವನನ್ನು ಎತ್ತಿ ಆಡಿಸಿ ಸಾಕಿದವಳು. ಮನೆ ಬಿಡುವಾಗ ಅವಳಿಗೆ ಹೇಳಿ ಬಂದಿದ್ದ: "ಕಥೆಗಾರ ಆಗಿಯೇ ನಿನ್ನ ಜಗಲಿ ಹತ್ತೋದು ಅಕ್ಕಾ. ಅಲ್ಲೀತನಕ ಈ ಮುಖ ತೋರಿಸಲ್ಲ." ಪ್ರತಿ ವರ್ಷ ಅವಳು ಹುರಿಹಿಟ್ಟಿನ ಉಂಡೆ ಕಳಿಸುತ್ತಿದ್ದಳು. ಪ್ರತಿ ವರ್ಷ ಅವನು ಉಂಡೆ ತಿನ್ನುತ್ತಿದ್ದ, ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೊಳೆ ದಾಟಿ ಬಂದ ಉಪ್ಪಿನ ವ್ಯಾಪಾರಿ ಸುದ್ದಿ ತಂದ.

"ನಿಮ್ಮ ಭಾವನಿಗೆ ಅಲ್ಲಿ ಮಡಕೆ ಮಾಡೋಕೆ ಮಣ್ಣು ಸಿಕ್ತಾ ಇಲ್ವಂತೆ. ಊರು ಬಿಡ್ತಾವ್ರೆ. ಮಧ್ಯಾಹ್ನಕ್ಕೆ ಗಾಡಿ ಹೂಡ್ತಾರೆ. ಎಲ್ಲಿಗೆ ಅಂತ ಅವರಿಗೇ ಗೊತ್ತಿಲ್ಲ. ಬರೋದಾದ್ರೆ ಇವತ್ತೇ ಬಾ ಅಂದ್ರು ನಿಮ್ಮಕ್ಕ."

ಮುದ್ದಯ್ಯ ಹೊಳೆದಂಡೆಗೆ ಓಡಿದ. ಗುರುಗಳು ಕಲ್ಲಿನ ಮೇಲೆ ಕೂತು ಮಂಜು ನೋಡುತ್ತಿದ್ದರು. ಅಂದು ಹೊಳೆಯೇ ಇರಲಿಲ್ಲ. ದಡದ ಮತ್ತಿಮರಕ್ಕೆ ಕಟ್ಟಿದ ಹಗ್ಗ ಬಿಳಿಯೊಳಗೆ ನಾಲ್ಕು ಮಾರು ಹೋಗಿ, ಅಲ್ಲೇ ಕರಗಿದಂತೆ ಕಾಣುತ್ತಿತ್ತು. ಹಗ್ಗದ ಕೆಳಗೆ ತೆಪ್ಪ, ಮೋಡದ ಮೇಲೆ ಕೂತ ಹಾಗೆ. ಆ ಕಡವಿನಲ್ಲಿ ಅಂಬಿಗನಿಲ್ಲ, ಹುಟ್ಟೂ ಇಲ್ಲ. ದಾಟುವವರೇ ತೆಪ್ಪದಲ್ಲಿ ಕೂತು ಹಗ್ಗ ಹಿಡಿದು ಜಗ್ಗಿಕೊಂಡು ಹೋಗಬೇಕು. ಆಚೆ ದಡದಲ್ಲಿ ಯಾರಾದರೂ ಕಾಯುತ್ತಿದ್ದರೆ ಹಗ್ಗ ಅಲುಗಿಸುತ್ತಾರೆ.

"ಬುದ್ಧೀ, ಇವತ್ತೇ ನನ್ನ ಪರೀಕ್ಷೆ ಮಾಡಿಬಿಡಿ."

"ಅಕ್ಕನ ಮನೆಗೆ ಹೋಗೋಕೆ ಪರೀಕ್ಷೆ ಯಾಕೋ? ಸುಮ್ಮನೆ ಹೋಗು."

"ಕಥೆಗಾರ ಆಗದೆ ಹೇಗೆ ಹೋಗಲಿ ಬುದ್ಧಿ? ಮಾತು ಕೊಟ್ಟಿದ್ದೀನಿ."

ಗುರುಗಳು ಅವನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮಡಿಲಿನಿಂದ ಮೂರು ಬಿಡಿ ಓಲೆ ತೆಗೆದರು. ಮಡಿಲಲ್ಲಿ ಅವು ಮೊದಲೇ ಸಿದ್ಧವಾಗಿದ್ದದ್ದು ಹೇಗೆ ಎಂದು ಯಾರೂ ಕೇಳಬಾರದು.

"ಈ ಮೂರಕ್ಕೂ ಒಂದೇ ಎಳೆ. ಹೇಳಿದರೆ ನೀನು ಕಥೆಗಾರ."

ಮುದ್ದಯ್ಯನ ಕೈಗಳು ಬೆನ್ನ ಹಿಂದೆ ಹೋದವು. ಹಾಗಾಗಿ ಓಲೆಗಳನ್ನು ಗುರುಗಳೇ ಅವನ ಮೂಗಿನ ಮುಂದೆ ಹಿಡಿಯಬೇಕಾಯಿತು.

ಮೊದಲನೆಯದರಲ್ಲಿ ಒಬ್ಬ ನೇಕಾರ. ಮಗಳ ಮದುವೆಗೆ ಬಿಳಿ ಸೀರೆ ನೇಯುತ್ತಾನೆ. ಇನ್ನೂ ನಯವಾಗಬೇಕು ಎಂದು ನೇಯ್ದದ್ದನ್ನು ಬಿಚ್ಚುತ್ತಾನೆ, ಮತ್ತೆ ನೇಯುತ್ತಾನೆ. ಮಗಳು ನೆರೆಮನೆಯವಳ ಸೀರೆ ಉಟ್ಟು ಗಂಡನ ಮನೆಗೆ ಹೊರಟುಹೋಗುತ್ತಾಳೆ.

ಎರಡನೆಯದರಲ್ಲಿ ಒಂದು ಕೊಕ್ಕರೆ. ನೀರು ಪೂರ್ತಿ ತಿಳಿಯಾದ ಮೇಲೆ ಮೀನು ಹಿಡಿಯುತ್ತೇನೆ ಎಂದು ಒಂಟಿಕಾಲಲ್ಲಿ ನಿಲ್ಲುತ್ತದೆ. ನೀರು ತಿಳಿಯಾಗುವ ಹೊತ್ತಿಗೆ ಕೆರೆಯೇ ಬತ್ತುತ್ತದೆ.

ಮೂರನೆಯದರಲ್ಲಿ ಒಬ್ಬ ಅಡುಗೆಭಟ್ಟ. ಸಿಹಿ ಸರಿಯಿದೆಯೇ ಎಂದು ಪಾಯಸದ ರುಚಿ ನೋಡುತ್ತಾನೆ. ಇನ್ನೊಂದು ಸೌಟು ನೋಡುತ್ತಾನೆ. ಅತಿಥಿ ಎಲೆಯ ಮುಂದೆಯೇ ಕೂತಿದ್ದಾನೆ. ಕೊನೆಗೆ ಬಡಿಸಲು ಹೋದರೆ ಪಾತ್ರೆ ತಳದಲ್ಲಿ ಸೌಟಿನ ಸದ್ದು ಮಾತ್ರ.

ಮುದ್ದಯ್ಯ ಕಣ್ಣು ಮುಚ್ಚಿ ತೆರೆದ.

"ಬಿಳುಪು ಬುದ್ಧಿ! ಸೀರೆ ಬಿಳಿ, ಕೊಕ್ಕರೆ ಬಿಳಿ, ಪಾಯಸವೂ ಬಿಳಿ."

"ಈ ಮಂಜೂ ಬಿಳಿ, ನನ್ನ ಗಡ್ಡವೂ ಬಿಳಿ. ಎಲ್ಲ ಸೇರಿಸಿ ಪೋಣಿಸಲೇನೋ?"

ಹೊತ್ತು ಸ್ವಲ್ಪ ಮೇಲೇರಿತು.

"ಹಾಗಾದರೆ ನಷ್ಟ. ಮೂರರಲ್ಲೂ ಏನೋ ಒಂದು ಕೈತಪ್ಪಿ ಹೋಗುತ್ತೆ."

"ಯಾರಿಗೂ ಏನೂ ಕೈತಪ್ಪದ ಕಥೆ ಒಂದಿದ್ದರೆ ಹುಡುಕಿ ತಾ. ಒಲೆ ಹಚ್ಚೋಕೆ ಬೇಕು."

ಮುದ್ದಯ್ಯ ಪೆಚ್ಚಾದ. ಹಗ್ಗ ಮೆಲ್ಲಗೆ ಅಲುಗಿತು. ಮಂಜಿನ ಹನಿಗಳು ಸಾಲಾಗಿ ಉದುರಿದವು. ಅವನು ಓಲೆಗಳನ್ನೇ ನೋಡುತ್ತಿದ್ದ.

"ಮೂರೂ ಒಂದೇ ಅನ್ನೋದು ಬಿಡು" ಎಂದರು ಗುರುಗಳು. "ಎಲ್ಲಿ ಬೇರೆ ಬೇರೆ, ಅದನ್ನು ಹೇಳು."

ಮುದ್ದಯ್ಯ ಈ ಸಲ ನಿಧಾನವಾಗಿ ಯೋಚಿಸಿದ.

"ಕೊಕ್ಕರೆಗಾಗಿ ಯಾರೂ ಕಾಯ್ತಾ ಇರಲಿಲ್ಲ ಬುದ್ಧಿ. ಅದರ ಹೊಟ್ಟೆ, ಅದರ ಪಾಡು. ನೇಕಾರನಿಗಾಗಿ ಮಗಳು ಕಾಯ್ತಿದ್ದಳು. ಭಟ್ಟನಿಗಾಗಿ ಅತಿಥಿ ಕಾಯ್ತಿದ್ದ."

"ಕಾಯೋರಿಗೆ ಬೇಕಾಗಿದ್ದದ್ದು ಏನು?"

"ಮಗಳಿಗೆ ಒಂದು ಸೀರೆ. ನಯವಾದದ್ದೇ ಬೇಕು ಅಂತ ಅವಳು ಹೇಳಿದ್ದು ಓಲೆಯಲ್ಲಿ ಎಲ್ಲೂ ಇಲ್ಲ. ಸಪ್ಪೆ ಪಾಯಸ ಬಡಿಸಿದ್ದರೂ ಅತಿಥಿ ಉಣ್ಣುತ್ತಿದ್ದ. ಅದು ಸರಿಯಿಲ್ಲ, ಇದು ಸಾಲದು ಅಂತ ಇವರೇ..."

ಮಾತು ಅಲ್ಲಿಗೆ ನಿಂತಿತು. ಗುರುಗಳು ಉಸಿರು ಹಿಡಿದು ಮುಂದಕ್ಕೆ ಬಾಗಿದರು.

"ಸಿಕ್ಕಿತು ಅನ್ನಿಸುತ್ತೆ ಬುದ್ಧಿ!" ಮುದ್ದಯ್ಯನ ಮುಖ ಅರಳಿತು. "ಆದರೆ ಇನ್ನೂ ಪಕ್ಕಾ ಇಲ್ಲ. ಒಂದು ವರ್ಷ ಕೊಡಿ. ಇನ್ನೊಂದು ಸಲ ಸರಿಯಾಗಿ ಓದಿ, ತಪ್ಪಿಲ್ಲದ ಹಾಗೆ ಹೇಳ್ತೀನಿ."

ಗುರುಗಳು ನಕ್ಕರು. ಎಷ್ಟು ನಕ್ಕರೆಂದರೆ ಮಂಜು ಒಂದು ಗೇಣು ಹಿಂದೆ ಸರಿಯಿತು.

ಆಮೇಲೆ ಇನ್ನೊಂದು ಓಲೆ ತೆಗೆದು, ಓಲೆ ಬರೆಯುವ ಕಂಟದಿಂದ ಅದರ ಮೇಲೆ ಒಂದು ಸಾಲು ಗೀಚಿದರು. ನಾಲ್ಕನ್ನೂ ದಾರಕ್ಕೆ ಪೋಣಿಸಿ, ಗಂಟು ಹಾಕಿ, ಮುದ್ದಯ್ಯನ ಕೊರಳಿಗೆ ತೂಗುಬಿಟ್ಟರು. ಅವನ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು.

ಕತ್ತು ಬಗ್ಗಿಸಿ ಓದಿದ: 'ಒಬ್ಬ ತಮ್ಮನಿದ್ದ. ಹೊಳೆಯ ಆಚೆಗೆ ಅವನ ಅಕ್ಕ ಇದ್ದಳು.'

ಮುಂದಿನ ಸಾಲಿಗಾಗಿ ಓಲೆಯ ತುದಿಯವರೆಗೂ ಕಣ್ಣಾಡಿಸಿದ.

"ಇದು ಮುಗಿದಿಲ್ಲ ಬುದ್ಧಿ" ಎಂದ ಕೊನೆಗೆ.

"ಹೌದು. ಅದೊಂದೇ ಮುಗಿದಿಲ್ಲ."

ಹಗ್ಗ ಮತ್ತೆ ಅಲುಗಿತು. ಈ ಸಲ ಜೋರಾಗಿ, ಮೂರು ಸಲ. ಮಂಜಿನೊಳಗಿಂದ ಎತ್ತಿನ ಕೊರಳಗಂಟೆಯ ಸದ್ದು ತೇಲಿ ಬಂತು. ಜೊತೆಗೆ ಒಂದು ದನಿ: "ಮುದ್ದಾ... ಬರ್ತೀಯೇನೋ... ಹೊತ್ತಾಯ್ತಲ್ಲೋ..."

ಮುದ್ದಯ್ಯ ತೆಪ್ಪಕ್ಕೆ ಹಾರಿದ. ತೆಪ್ಪ ಓಲಾಡಿತು. ಕೊರಳಲ್ಲಿ ನಾಲ್ಕು ಓಲೆ ಒಂದಕ್ಕೊಂದು ತಾಗಿ ಕಟಕಟ ಎಂದವು. ಹಾರಿದವನು ಹಾಗೇ ಹಿಂದಿರುಗಿ ನೋಡಿದ. ಏಳು ವರ್ಷದ ಅಭ್ಯಾಸ, ಸುಮ್ಮನೆ ಬಿಡುತ್ತದೆಯೇ?

"ಬುದ್ಧೀ, ಅಕ್ಕ ಕೇಳಿದರೆ ತಪ್ಪು ಹೇಳಬಾರದಲ್ಲ. ಒಂದೇ ಒಂದು ಮಾತಲ್ಲಿ ಹೇಳಿಬಿಡಿ. ಏನು ಈ ಓಲೆಗಳ ತಿರುಳು?"

ಗುರುಗಳು ನೀರಿಗಿಳಿದರು. ಬೆನ್ನ ಹಿಂದಿದ್ದ ಅವನ ಎರಡೂ ಕೈಗಳನ್ನು ಹಿಡಿದು ಮುಂದಕ್ಕೆ ತಂದರು. ಅಂಗೈ ಬಿಡಿಸಿದರು. ಒದ್ದೆ ಹಗ್ಗವನ್ನು ಅದರಲ್ಲಿಟ್ಟು, ಬೆರಳು ಮಡಿಸಿದರು.

"ಎಳೆ."