ಒಳಗೆ ಹೋದ ಆಕ್ಷೇಪಣೆ

ವಿಶ್ವವಿದ್ಯಾಲಯದ ಪುಟ್ಟ ಅಣು ರಿಯಾಕ್ಟರಿಗೆ, ಒಳಗಿನ ಗಾಳಿಯನ್ನು ಎಳೆದು ಸೋಸಿ ಚಿಮಣಿಗೆ ಬಿಡುವ ಹೊಸ ಎಕ್ಸಾಸ್ಟ್ ಫ್ಯಾನು ಹಾಕಿದ್ದರು. ಪರಿಶೀಲನೆಗೆ ಬಂದ ಅಧಿಕಾರಿ ಬಾಗಿಲಡಿಯ ಸಂದಿ ತೋರಿಸಿ ಗುಡುಗಿದರು: "ಒಳಗಿನ ಗಾಳಿ ಇಲ್ಲಿಂದ ಹೊರಗೆ ಬರೋದಿಲ್ಲ ಅಂತ ಏನ್ರೀ ಗ್ಯಾರಂಟಿ? ಮೂರು ತಿಂಗಳು ಬೀಗ ಹಾಕಿ!" ಆಕ್ಷೇಪಣೆ ಬರೆದು, ಸಹಿ ಜಡಿದು, ಜವಾನ ದ್ಯಾವಣ್ಣನ ಕೈಗಿತ್ತರು.

ಹೊಸ ಫ್ಯಾನು ಬಂದಾಗಿನಿಂದ ತಾನು ಗುಡಿಸಿದ ಕಸ ಯಾವ ಕಡೆ ಓಡುತ್ತದೆಂದು ದ್ಯಾವಣ್ಣ ದಿನಾ ಕುತೂಹಲದಿಂದ ನೋಡುತ್ತಿದ್ದ. ಕಾಗದವನ್ನು ಸಂದಿಯ ಬಳಿ ಹಿಡಿದು ಮೆಲ್ಲಗೆ ಬಿಟ್ಟ. ಅದು ಸುರ್ರನೆ ಒಳಗೆ ಹೋಯಿತು.

"ಅಯ್ಯೋ, ನನ್ನ ಆಕ್ಷೇಪಣೆ! ತಗೊಂಡು ಬಾರಯ್ಯಾ!"

"ಒಳಗೆ ಹೋದದ್ದು ತಪಾಸಣೆ ಆಗದೆ ಹೊರಗೆ ಬರೋ ಹಾಗಿಲ್ಲ ಸಾರ್. ನಿಮ್ಮವರೇ ಮಾಡಿದ ರೂಲು."

ಅಧಿಕಾರಿ ಬಗ್ಗಿ ಸಂದಿಯನ್ನೇ ದಿಟ್ಟಿಸಿದರು. ಆಮೇಲೆ ಇನ್ನೊಂದು ಹಾಳೆ ತೆಗೆದು ಬರೆದರು: "ಗಾಳಿ ಒಳಕ್ಕೇ ಹೋಗುತ್ತದೆ. ಖುದ್ದು ಕಂಡಿದ್ದೇನೆ."

ಆ ಹಾಳೆಯನ್ನು ಮಾತ್ರ ದ್ಯಾವಣ್ಣನ ಕೈಗೆ ಕೊಡಲಿಲ್ಲ.