ಮದುಮಗನ ಪೇಟ

ಫೋಟೋ ಸ್ಟುಡಿಯೋ ಒಂದರ ಹಳೆಯ ಕಂಪ್ಯೂಟರಿಗೆ ಡಿಫ್ರಾಗ್ ಎಂಬ ಸಾಫ್ಟ್‌ವೇರ್ ಬಂತು. ಚದುರಿದ ಫೈಲುಗಳ ತುಂಡುಗಳನ್ನು ಒಟ್ಟಿಗೆ ಜೋಡಿಸುವುದು ಅದರ ಕಸುಬು. ಒಳಗೆ ಕಾಲಿಡುತ್ತಲೇ ಅದು ಮೂಗು ಮುರಿಯಿತು.

"ಏನಜ್ಜಾ ಇದು? ಒಂದೇ ಮದುವೆ ಫೋಟೋ. ಮದುಮಗನ ಪೇಟ ಒಂದು ಮೂಲೆಯಲ್ಲಿ, ಮುಖ ಇನ್ನೊಂದು ಮೂಲೆಯಲ್ಲಿ!"

"ಯಾವುದು ಎಲ್ಲಿದೆಯೆಂದು ನನಗೆ ಗೊತ್ತಪ್ಪ. ತೆಗೆದುಕೊಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೆ," ಎಂದಿತು ಹಾರ್ಡ್ ಡಿಸ್ಕ್. "ಜೋಡಿಸಲೇಬೇಕೆಂದರೆ ಮೊದಲು ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಇಡು. ಯುಪಿಎಸ್ಸನ್ನೂ ಒಂದು ಮಾತು ಕೇಳು."

ಮೇಜಿನ ಕೆಳಗಿಂದ ಯುಪಿಎಸ್ ಕೀರಲು ದನಿಯಲ್ಲಿ ಹೇಳಿತು: "ನನ್ನ ಬ್ಯಾಟರಿ ಸತ್ತಿದೆ. ಕರೆಂಟು ಹೋದರೆ ನನ್ನನ್ನು ನಂಬಬೇಡ."

"ಕಸ ಗುಡಿಸುವುದಕ್ಕೂ ಪಂಚಾಂಗ ನೋಡಬೇಕೇ?" ಎಂದು ನಕ್ಕು ಡಿಫ್ರಾಗ್ ಕೆಲಸಕ್ಕೆ ಇಳಿಯಿತು. ಪೇಟವನ್ನು ಮುಂದಿನ ಸಾಲಿನಲ್ಲಿ ಇಟ್ಟು, ಮುಖವನ್ನು ಎತ್ತಿಕೊಂಡಿತು. ಆಗಲೇ ಕರೆಂಟು ಹೋಯಿತು.

ಕರೆಂಟು ಬಂದಾಗ ಡಿಸ್ಕ್ ಕೇಳಿತು: "ಮುಖ ಎಲ್ಲಿ?"

"ಕೈಯಲ್ಲೇ ಇತ್ತಲ್ಲಾ..." ಎಂದು ಡಿಫ್ರಾಗ್ ತಡವರಿಸಿತು. "ಆದರೆ ಪೇಟ ನೋಡಜ್ಜಾ, ಎಷ್ಟು ಅಚ್ಚುಕಟ್ಟಾಗಿ ಕೂತಿದೆ!"

"ಹೌದು. ಹುಡುಗಿಯ ತಂದೆ ಆಲ್ಬಮ್ಮಿಗೆಂದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ಹೋಗಿ ಅದನ್ನೇ ತೋರಿಸಿ, ಇವರೇ ನಿಮ್ಮ ಅಳಿಯಂದಿರು ಎನ್ನು."